ನಡುಗೆರೆ ದಾಟದವರ ಆಟ

…ಹಾಗಾಗಿ ವರ್ನಾ, ಮಹಿಳಾ ಬಾಸ್ಕೆಟ್‌ಬಾಲ್‌ನಲ್ಲಿ ಸಾರ್ವಕಾಲಿಕ ಶ್ರೇಷ್ಠರು ನಮ್ಮ ಟೆನೆಸ್ಸಿಯವರೋ ಕನೆಕ್ಟಿಕಟ್‌ನವರೋ ಎಂಬ ಜಗಳ ಕೆಫೆಯಲ್ಲಿ ಇವತ್ತೂ ಮುಗಿಯಲಿಲ್ಲ. ನಡುವೆ ಯಾರೋ, ಆ ಕಾಲದಲ್ಲಿ ಗೆಲ್ಲುತ್ತಲೇ ಇದ್ದ ನಿನ್ನ ಕಾಲೇಜು ತಂಡದ ಹೆಸರೆತ್ತಿದರು.

“ಬಿಡ್ರೋ! ಆಗಿನ ರೂಲ್ಸಲ್ಲಿ ಹುಡುಗೀರು ಕೋರ್ಟಿನ ನಡುಗೆರೆ ದಾಟೋ ಹಾಗೇ ಇರ್ಲಿಲ್ಲ, ತಮ್ಮ ಅರ್ಧದಲ್ಲೇ ಆಡ್ಬೇಕಿತ್ತು. ಅದೇನು ಆಟಾನಾ, ಕುಂಟೆಬಿಲ್ಲೆನಾ?” ಎಂದ ಡೆಲ್ಬರ್ಟ್. ಎಲ್ಲರೂ ನಕ್ಕರು. “ಏನೋ ಹಾಯ್ಟ್, ನಿನ್ ಹೆಂಡ್ತೀನೂ ಆಡ್ತಿದ್ಲಲ್ವಾ?”

“ಹೂಂ, ಸುಮ್ನೆ ಹೊತ್ತು ಹೋಗೋಕೆ,” ಎಂದು ನಾನೂ ನಕ್ಕುಬಿಟ್ಟೆ.

ಪಕ್ಕದ ಮೇಜಿನಲ್ಲಿ ನಿನ್ನ ಜೊತೆ ಆಡಿದ ನಡೀನ್ ಇದ್ದಳು. ನನ್ನನ್ನೊಮ್ಮೆ ನೋಡಿ, ಅರ್ಧ ತಿಂದ ಪೈ ಬಿಟ್ಟು ಎದ್ದುಹೋದಳು.

ಅವಳ ಮನೆ ಎರಡು ಬೀದಿ ಆಚೆ. ಮಧ್ಯಾಹ್ನವೇ ಹೋಗಿ ತಪ್ಪಾಯಿತು ಎನ್ನಬೇಕೆಂದುಕೊಂಡು, ನೀನು ತೀರಿಕೊಂಡಾಗಿನಿಂದ ಮಾಡುವ ಹಾಗೆ ನಿನಗೆ ಬರೆಯುತ್ತಾ ಕೂತೆ. ತಲೆಯೆತ್ತಿದರೆ ಬೆಳಕೇ ಹೋಗುತ್ತಿದೆ.