ಏಳನೇ ಚಿತ್ರದ ನಗು

ಮೊಹರಿನ ಮಹನೀಯರೇ, ಕಡತದ ಕುಲತಿಲಕರೇ, ತೂಕಡಿಸುತ್ತಲೇ ನ್ಯಾಯ ತೂಗುವ ಸಭಾಸದರೇ! ಮುಖ್ಯವಾಗಿ, ಸಾರಿಗೆ ಸಂಸ್ಥೆಯ ಸಿಬ್ಬಂದಿ ಅಧಿಕಾರಿಗಳೇ,

ನಿಲ್ದಾಣದಲ್ಲಿ ಕಳೆದುಹೋದ ವಸ್ತುಗಳ ಕೌಂಟರಿನಲ್ಲಿ ಹನ್ನೊಂದು ವರ್ಷ ದುಡಿದ ನನ್ನ ತಂಗಿಯನ್ನು ತಾವು ಕಿಟಕಿಯಿಲ್ಲದ ಉಗ್ರಾಣಕ್ಕೆ ತಳ್ಳಿದ್ದೀರಿ. ಅವಳಿಗೆ ಆಟಿಸಂ ಇದೆ. ತಮ್ಮ ಹೊಸ ‘ಮುಖಭಾವ ಪರೀಕ್ಷೆ’ಯಲ್ಲಿ ಇಪ್ಪತ್ತಕ್ಕೆ ಹನ್ನೊಂದು ಬಂತು, ಪಾಸಿಗೆ ಹನ್ನೆರಡು ಬೇಕಿತ್ತು. ಅರ್ಜಿ ನಮ್ಮದು, ಮರ್ಜಿ ತಮ್ಮದು. ಮೂರು ಅರ್ಜಿ ಕೊಟ್ಟು ಸಾಕಾಗಿ, ಒಬ್ಬ ಸಾಮಾನ್ಯ ನಾಗರಿಕನಾಗಿ ಇದನ್ನು ಬರೆಯುತ್ತಿದ್ದೇನೆ.

ಒಪ್ಪುತ್ತೇನೆ, ಮುಖ ಅವಳಿಗೆ ಒಗ್ಗದ ಪಾಠ. ಮನೆಯವರನ್ನೇ ದನಿಯಿಂದ, ಚಪ್ಪಲಿಯ ಸದ್ದಿನಿಂದ ಗುರುತಿಸುತ್ತಾಳೆ. ನಾನು ಕ್ಷೌರ ಮಾಡಿಸಿಕೊಂಡು ಬಂದು ಸುಮ್ಮನೆ ನಿಂತರೆ, “ಯಾರು ಬೇಕಿತ್ತು?” ಅಂತಾಳೆ. ವ್ಯಂಗ್ಯವೂ ತಿಳಿಯದು, ಈ ಪತ್ರ ಓದಿದರೆ ತಮ್ಮನ್ನು ಹೊಗಳಿದ್ದೇನೆಂದೇ ನಂಬಿಯಾಳು. ಆದರೆ ಆ ಕೌಂಟರಿಗೆ ಬೇಕಾದ್ದು ಮುಖವೇ? ಕೊಡೆಯ ಹಿಡಿ ಸವೆದ ಬಗೆ ನೋಡಿ ಅದು ಎಡಗೈಯವರದು ಎಂದು ಹೇಳುವವಳು ಅವಳು. ಯಾರ ಕಣ್ಣೀರಿಗೂ ಕರಗಿ ಯಾರದೋ ಪೆಟ್ಟಿಗೆ ಎತ್ತಿಕೊಟ್ಟವಳಲ್ಲ. ಮುಖ ಓದಬಲ್ಲ ತಮ್ಮ ಹೊಸ ನೌಕರರೋ, ಮೊದಲ ವಾರದಲ್ಲೇ ಎರಡು ಪೆಟ್ಟಿಗೆಗಳನ್ನು ನಗುಮುಖದ ಅಪರಿಚಿತರಿಗೆ ದಾನ ಮಾಡಿದ್ದಾರೆ.

ಇನ್ನು ಏಳನೇ ಚಿತ್ರ. ಗೆರೆ ಅಂಗಿಯ ಗಂಡಸು, ಸರಿಯುತ್ತರ ‘ಸಂತೋಷ’. ಪರೀಕ್ಷಕರ ಜೊತೆ ನಡೆದ ಮಾತನ್ನು ತಂಗಿ ಒಂದಕ್ಷರ ಬಿಡದೆ ನನಗೆ ಒಪ್ಪಿಸಿದಳು.

“ಈ ಮುಖದಲ್ಲಿ ಏನಮ್ಮಾ ಕಾಣ್ಸತ್ತೆ?”

“ಸುಸ್ತು, ಸಾರ್.”

“ನಗ್ತಿದ್ದಾನಲ್ಲಮ್ಮಾ!”

“ಬಾಯಿ ನಗ್ತಿದೆ ಸಾರ್. ಉಳಿದಿದ್ದೆಲ್ಲ ಸುಸ್ತಾಗಿದೆ.”

ಸೊನ್ನೆ ಸುತ್ತಿದರು. ಉಗ್ರಾಣದ ಆದೇಶ ಬಂದ ದಿನವೂ ಅವಳ ಚಿಂತೆ ಬೇರೆಯೇ: “ಅಣ್ಣಾ, ಆ ಮನುಷ್ಯನಿಗೆ ಯಾರಾದ್ರೂ ರಜಾ ಕೊಡ್ಬೇಕಿತ್ತು.”

ನಾನು ಕೇಳುವುದು ಕರುಣೆಯಲ್ಲ, ಒಂದೇ ಒಂದು ಅಂಕ. ಏಳನೇ ಉತ್ತರಕ್ಕೆ ಅದನ್ನು ಕೊಡಿ. ಅವಳ ಕುರ್ಚಿಯನ್ನು ಅವಳಿಗೆ ಬಿಡಿ.

ಆ ಉತ್ತರ ಸರಿ ಎನ್ನಲು ನೀನ್ಯಾರು ಎಂದು ಕೇಳುತ್ತೀರಿ. ಸಾಮಾನ್ಯ ನಾಗರಿಕ ಎಂದದ್ದು ಅರ್ಧ ಸುಳ್ಳು. ತಮ್ಮದೇ ಮುದ್ರಣಾಲಯದಲ್ಲಿ ಕರಡು ತಿದ್ದುವವನು ನಾನು. ಈ ಪರೀಕ್ಷೆಯ ಚಿತ್ರಗಳಿಗಾಗಿ ಅಲ್ಲಿಗೆ ಬಂದ ಫೋಟೋದವರು “ನಗಿ ಸಾರ್” ಅಂದರು, ನಕ್ಕೆ. ಆ ಗೆರೆ ಅಂಗಿ ಅವರು ತೊಡಿಸಿದ್ದು. ಆ ಮುಖ ನನ್ನದು. ಅವಳು ಹೇಳಿದ್ದು ನಿಜ. ಕೆಲಸ ಹೋದೀತೆಂದು ಎರಡು ತಿಂಗಳು ಬಾಯಿ ಬಿಡಲಿಲ್ಲ. ಅವಳಿಗಂತೂ ಇನ್ನೂ ಹೇಳಿಲ್ಲ.

ಇಂತಿ,
ಬಾಯಿ ಮಾತ್ರ ನಗುವವನು