ಚಿತ್ರದಲ್ಲಿ ಇಲ್ಲದ ನೆರಳು

ವೃತ್ತಿ ತರಬೇತಿ ಪರೀಕ್ಷೆಗಳ ಮಾನ್ಯ ಮುಖ್ಯಾಧಿಕಾರಿಗಳೇ,

ಸೌರ ವಿದ್ಯುತ್ತಿನ ಪ್ರಾಯೋಗಿಕ ಪರೀಕ್ಷೆಯಲ್ಲಿ ನನ್ನ ತಂಗಿಯನ್ನು ಫೇಲು ಮಾಡಿದ್ದೀರಿ. ಅವಳ ತಪ್ಪೆಂದರೆ ಯೋಚನೆ ಮಾಡಿದ್ದು. ಸುದ್ದಿ ಕೇಳಿದಾಗ ನನಗೆ ಮೊದಲು ಸಂತೋಷವೇ ಆಯಿತು, ಸುಳ್ಳೇಕೆ ಹೇಳಲಿ? ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಆದ್ದರಿಂದ ಅಣ್ಣನ ಮಮಕಾರದ ಪತ್ರವೆಂದು ಇದನ್ನು ಪಕ್ಕಕ್ಕೆ ತಳ್ಳುವ ಹಾಗಿಲ್ಲ.

ನಾನೂ ಅದೇ ಸಂಸ್ಥೆಯಲ್ಲಿ ವೈರಿಂಗ್ ಕಲಿತವನು. ಪ್ರಥಮ ದರ್ಜೆ. ನಮ್ಮ ಕಾಲದಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದರು, ನಾವು ಇಳಿಸಿಕೊಳ್ಳುತ್ತಿದ್ದೆವು. 'ಯಾಕೆ' ಎಂದವನು ಬಾಗಿಲಾಚೆ ನಿಲ್ಲುತ್ತಿದ್ದ. ಇವಳ ಅದೃಷ್ಟ ನೋಡಿ! ಇವಳ ಮೇಡಂ ಎಲ್ಲರನ್ನೂ ಮಹಡಿಗೆ ಹತ್ತಿಸಿ, ಫಲಕ, ತಂತಿ, ಮೀಟರು ಕೈಗೆ ಕೊಟ್ಟು, ದೀಪ ಉರಿಸಿ ಎಂದು ಹೇಳಿ ಸುಮ್ಮನೆ ಕೂರುತ್ತಿದ್ದರಂತೆ. ಸರಿಯಾಗಿದೆಯಾ ಎಂದು ಕೇಳಿದರೆ, "ನನ್ನ ಮುಖ ನೋಡಿದ್ರೆ ಏನ್ ಗೊತ್ತಾಗುತ್ತೆ? ಮೀಟರ್ ನೋಡು" ಎನ್ನುತ್ತಿದ್ದರಂತೆ. ಇವಳು ಊಟದ ಹೊತ್ತಿನಲ್ಲಿ ಇದನ್ನೆಲ್ಲ ನಗುನಗುತ್ತಾ ಹೇಳುತ್ತಿದ್ದರೆ ನನಗೆ ತುತ್ತು ಇಳಿಯುತ್ತಿರಲಿಲ್ಲ.

ಒಬ್ಬ ದರ್ಜಿಯ ಅಂಗಡಿಗೆ ನಾನು ಸೌರ ಫಲಕ ಕೂರಿಸಿದ್ದೆ. ಮಧ್ಯಾಹ್ನ ಇಳಿಯುತ್ತಿದ್ದಂತೆ ಫ್ಯಾನು ಏದುಸಿರು ಬಿಡುತ್ತಿತ್ತು. ಬ್ಯಾಟರಿ ಬದಲಿಸಿದೆ, ತಂತಿ ಬದಲಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಂತೆ, ಕೊನೆಗೆ ದರ್ಜಿಯ ಫ್ಯಾನೇ ಸರಿಯಿಲ್ಲ ಎಂದೆ. ತಂಗಿ ಬಂದಳು. ಧೂಳಿರಬೇಕು ಎಂದು ಫಲಕದ ಗಾಜು ಒರೆಸಿದಳು. ಏನೂ ಆಗಲಿಲ್ಲ. "ಅಯ್ಯೋ, ಅದಲ್ಲ ಬಿಡು" ಎಂದು ನಕ್ಕುಬಿಟ್ಟಳು! ಗಿರಾಕಿಯ ಎದುರು ಹಾಗೆ ತಪ್ಪಿದ್ದರೆ ನಾನು ನಾಚಿಕೆಯಿಂದ ಸತ್ತೇ ಹೋಗುತ್ತಿದ್ದೆ. ಆಮೇಲೆ ಫಲಕದ ಪಕ್ಕ ಸುಮ್ಮನೆ ಕೂತಳು. ಹೊತ್ತು ತಿರುಗಿದಂತೆ ಪಕ್ಕದ ಗೋಡೆಯ ನೆರಳು ಫಲಕದ ಒಂದು ಮೂಲೆಗೆ ಬಂತು. ಅದನ್ನೂ ಅವಳು ಕಣ್ಣುಮುಚ್ಚಿ ನಂಬಲಿಲ್ಲ. ಫಲಕವನ್ನು ಬಿಸಿಲಿಗೆ ಎಳೆದು ಮೀಟರು ನೋಡಿದಳು, ಮತ್ತೆ ನೆರಳಿಗೆ ತಳ್ಳಿ ನೋಡಿದಳು. ಬಿಸಿಲಲ್ಲಿ ಏರಿದ ಅಂಕಿ ನೆರಳಲ್ಲಿ ಕುಸಿಯಿತು, ಫಲಕ ಸರಿಸಿದ ಮೇಲೆ ಫ್ಯಾನು ಸರಾಗವಾಗಿ ತಿರುಗಿತು. ಈಗ ಆ ದರ್ಜಿ ಫ್ಯೂಸು ಹೋದರೂ "ತಂಗೀನ ಕಳ್ಸಪ್ಪ" ಎನ್ನುತ್ತಾನೆ. ಅವಳಿಗೆ ಉತ್ತರ ಸಿಕ್ಕಿತಲ್ಲ ಎಂದು ನನಗೆ ಉರಿಯಲಿಲ್ಲ. ನಗುತ್ತಾ ತಪ್ಪಿದಳಲ್ಲ, ಅದಕ್ಕೆ ಉರಿಯಿತು. ತಪ್ಪಿ ನೋಡು ಎಂದು ನನಗೆ ಯಾರೂ ಹೇಳಿರಲಿಲ್ಲ.

ಇನ್ನು ತಮ್ಮ ಪರೀಕ್ಷೆಗೆ ಬರೋಣ. ಪರೀಕ್ಷೆ ನಡೆಯುವ ಮಹಡಿಯ ಮೇಲೆ ಫಲಕ ಎಲ್ಲಿರಬೇಕೆಂದು ತಮ್ಮ ಕೈಪಿಡಿಯಲ್ಲಿ ಚಿತ್ರವಿದೆ. ಚಿತ್ರ ಬರೆದ ಮೇಲೆ ಆ ಜಾಗದ ಪಕ್ಕದಲ್ಲೇ ನೀರಿನ ಟ್ಯಾಂಕು ಎದ್ದಿದೆ. ಮಧ್ಯಾಹ್ನ ಇಲ್ಲಿ ನೆರಳು ಬೀಳುತ್ತದೆ, ಆಚೆ ಕೂರಿಸಲೇ ಎಂದು ಇವಳು ಕೇಳಿದಳು. ತಮ್ಮ ಪರೀಕ್ಷಕರು, "ಚಿತ್ರದಲ್ಲಿ ನೆರಳು ಇದೆಯೇನಮ್ಮಾ?" ಎಂದರು. ಅಬ್ಬಾ, ಎಂಥ ಪಾಂಡಿತ್ಯ! ಸೂರ್ಯನಿಗೂ ಕೈಪಿಡಿಯ ಒಂದು ಪ್ರತಿ ಕಳುಹಿಸಿದ್ದೀರಾ ಸ್ವಾಮಿ? ಇವಳು ಆಚೆಯೇ ಕೂರಿಸಿದಳು. ದೀಪ ಉರಿಯಿತು. 'ಸೂಚನೆಯ ಉಲ್ಲಂಘನೆ' ಎಂದು ಸೊನ್ನೆ ಬಂತು. ಪರೀಕ್ಷೆ ಬೆಳಗ್ಗೆ ಇತ್ತು, ನೆರಳಿನ್ನೂ ಬಂದಿರಲಿಲ್ಲ, ಹಾಗಾಗಿ ಚಿತ್ರದಂತೆ ಕೂರಿಸಿದವರ ದೀಪಗಳೂ ಉರಿದವು, ಅವರೆಲ್ಲ ಪಾಸು.

ಈಗ ತಂಗಿ ಮರುಪರೀಕ್ಷೆಗೆಂದು ಆ ಕೈಪಿಡಿಯನ್ನು ಬಾಯಿಪಾಠ ಮಾಡುತ್ತಿದ್ದಾಳೆ. ಮೊನ್ನೆ ಹೊಸ ಗಿರಾಕಿಯ ಮನೆಗೆ ಕರೆದುಕೊಂಡು ಹೋದೆ. ಫಲಕ ಎಲ್ಲಿಡೋಣ ಎಂದು ಕೇಳಿದರೆ ತಲೆಯೆತ್ತಿ ಆಕಾಶವನ್ನೂ ನೋಡಲಿಲ್ಲ. "ನೀನೇ ಹೇಳಣ್ಣ, ಹಾಗೇ ಮಾಡ್ತೀನಿ" ಅಂದಳು. ಆ ಮಾತಿಗೆ ನಾನು ಕುಣಿದಾಡಬೇಕಿತ್ತು. ಕುಣಿಯಲಿಲ್ಲ, ಈ ಪತ್ರ ಬರೆಯಲು ಕೂತೆ.

ಕೃಪಾಂಕ ಬೇಡ. ತಾವೇ ಒಂದು ಮಧ್ಯಾಹ್ನ ಆ ಮಹಡಿ ಹತ್ತಿ, ಎರಡೂ ಜಾಗದಲ್ಲಿ ಫಲಕವಿಟ್ಟು ಮೀಟರು ನೋಡಿ. ಅವಳು ತಪ್ಪಿದ್ದರೆ ಸೊನ್ನೆ ಹಾಗೇ ಇರಲಿ. ಸರಿಯಿದ್ದರೆ ಅಂಕ ಕೊಡಿ, ಚಿತ್ರ ತಿದ್ದಿ. ಆದರೆ ಬೇಗ ಬನ್ನಿ. ಕೈಪಿಡಿ ಪೂರ್ತಿ ಬಾಯಿಪಾಠವಾಗಿಬಿಟ್ಟರೆ, ನಾನು ಹೊಟ್ಟೆಕಿಚ್ಚು ಪಡುವಂಥದ್ದು ಅವಳಲ್ಲಿ ಏನೂ ಉಳಿದಿರುವುದಿಲ್ಲ.

ಇಂತಿ,
ಒಂದು ಪ್ರಶ್ನೆಯನ್ನೂ ಕೇಳದೆ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ,
ತಮ್ಮದೇ ತಯಾರಿಕೆಯ ಒಬ್ಬ ವೈರ್‌ಮನ್