ದಾರದ ಕುಣಿಕೆ, ಮೂರು ಗೂಡ್ಸ್ ಡಬ್ಬಿ

೧೪ ಜುಲೈ ೨೦೨೫, ಸೋಮವಾರ

ಓಡಿದವು! ಮೂರೂ ಗೂಡ್ಸ್ ಡಬ್ಬಿಗಳು ನನ್ನ ಪುಟ್ಟ ಎಂಜಿನ್ನಿನ ಹಿಂದೆ, ತಿರುವಿನಲ್ಲೂ ಕಳಚದೆ!

ಬೆಳಿಗ್ಗೆ ಅಳುವೇ ಬಂದಿತ್ತು. ಪಾರ್ಸಲ್ಲಿನಲ್ಲಿ ಬಂದ ಹೊಸ ಡಬ್ಬಿಗಳು ಬೆರಳಿನಷ್ಟೇ ಉದ್ದ, ಬಾಗಿಲ ಚಿಲಕ ಕೂಡ ಕಾಣುತ್ತದೆ. ಒಂದರ ಕೊಂಡಿ ಇನ್ನೊಂದಕ್ಕೆ ಚೆನ್ನಾಗಿ ಸಿಗುತ್ತದೆ. ಆದರೆ ಕಾಲೇಜಿನಲ್ಲಿದ್ದಾಗ ಕೊಂಡ ನನ್ನ ಆಟಿಕೆ ರೈಲಿನ ಎಂಜಿನ್ನಿನ ಕೊಕ್ಕೆಗೆ ಅವುಗಳ ಕೊಂಡಿ ಸಿಗಲೊಲ್ಲದು. ವಾಪಸ್ ಕಳಿಸಲು ನಾಳೆಯೇ ಕೊನೆ ದಿನ.

"ಮುದ್ದೇಬಿಹಾಳಕ್ಕ ರೈಲ ಬಂದಿಲ್ಲ, ನಮ್ಮ ಪಡಸಾಲಿಗ್ಯಾಕ? ಕಳಿಸಿಬಿಡು," ಅಂದರು ಇವರು.

ಕುಬಸ ಹೊಲಿಯುತ್ತಿದ್ದ ಅತ್ತೆ ಕನ್ನಡಕ ಏರಿಸಿ ನೋಡಿದರು. "ಇದಕ್ಯಾಕ ಅಳತಿ, ಸುಮಂಗಲಾ? ಹುಕ್ಕ ಐತಿ, ಸಿಗಸಾಕ ಕುಣಿಕಿ ಇಲ್ಲ, ಅಷ್ಟ." ಕುಬಸಕ್ಕೆ ಹಾಕುವಂತೆಯೇ ಮೊದಲ ಡಬ್ಬಿಯ ಕೊಂಡಿಗೆ ಕಪ್ಪು ದಾರದ ಕುಣಿಕೆ ಹೆಣೆದರು. ಎಂಜಿನ್ನಿನ ಕೊಕ್ಕೆ ಸಿಕ್ಕೇಬಿಟ್ಟಿತು!

ಆಮೇಲೆ ಇವರೇ ಎರಡು ಸಲ ಓಡಿಸಿದರು. "ಹಿಂದಕ್ಕ ದೂಡಿದ್ರ ಹೋಗಂಗಿಲ್ಲಲ್ಲ," ಅಂತ ತಕರಾರು ಬೇರೆ.

"ನೀ ಏನ ದೂಡಿದ್ರ ಹೋಗ್ತೀಯೇನಪಾ?" ಅಂದರು ಅತ್ತೆ.

ಇನ್ನು ವಾಪಸ್ ಕಳಿಸುವ ಮಾತಿಲ್ಲ. ಕೂಸಿನ ಬಾಯಿಗೆ ಸಿಗದಂತೆ ಎಲ್ಲವನ್ನೂ ಗೋಡೆಯ ಮಾಡದಲ್ಲಿ ಎತ್ತಿಟ್ಟೆ, ಎರಡೆರಡು ಸಲ ಎಣಿಸಿದೆ. ಕೂಸು ಹುಟ್ಟಿದಾಗಿನಿಂದ, ಎಂಟು ತಿಂಗಳಿಂದ, ರಾತ್ರಿಯೆಲ್ಲ ಅದರ ಉಸಿರು ಕೇಳುತ್ತಲೇ ಎಚ್ಚರವಿರುತ್ತೇನೆ. ಈಗ ಅದು ಹಾಯಾಗಿ ಮಲಗಿದೆ, ನನಗೆ ಮಾತ್ರ ಖುಷಿಗೆ ನಿದ್ದೆಯಿಲ್ಲ. ಒಂದು ಎಳೆ ದಾರ ಎಷ್ಟು ಡಬ್ಬಿ ಎಳೆದೀತು? ಐದು? ಜೋಡೆಳೆ ಹಾಕಿದರೆ ಎಂಟಾದರೂ...